ಜೋಕಾಲಿಯ ಕಂಬ

ರಬಕವಿಯ ಉದ್ಯಾನದಲ್ಲಿ ಮಕ್ಕಳ ಆಟದ ಸಾಮಾನು ಗಟ್ಟಿ ಇವೆಯೇ ಎಂದು ಪರೀಕ್ಷಿಸಲು ಹೋಗಿದ್ದೆ. ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಜೋಕಾಲಿಯ ಕಂಬದಿಂದ ಜಾರುಬಂಡಿಯವರೆಗೆ ಸೀರೆಯ ನೂಲು ಬಿಗಿದು ಕಟ್ಟಿ, ಅದಕ್ಕೆ ಗಂಜಿ ಹಚ್ಚುತ್ತಿದ್ದಳು. ಇಲ್ಲಿ ಏನೂ ಕಟ್ಟುವ ಹಾಗಿಲ್ಲ ಎನ್ನುತ್ತಲೇ ಕಂಬದ ಗಂಟು ಬಿಚ್ಚಿಬಿಟ್ಟೆ. ಅಷ್ಟೂ ನೂಲಿನ ಭಾರ ನನ್ನ ಕೈಗೆ ಬಂತು.

“ಬಿಡಬ್ಯಾಡ್ರಿ,” ಎಂದಳು, ದನಿ ಏರಿಸದೆ. “ನೆಲಕ್ಕ ಬಿದ್ರ ಎಳಿ ಎಲ್ಲಾ ಅಂಟ್ಕೋತಾವ. ನಾಕ ಸೀರಿ ಹೋಗ್ತಾವ. ಜಗ್ಗಿ ಹಿಡೀರಿ.”

“ಮತ್ತ ಕಂಬಕ್ಕ ಕಟ್ಟಲೇನ್ರಿ?”

“ಈಗ ಅಲಗಾಡಬ್ಯಾಡ್ರಿ. ಒಣಗೂತನಕ ಹಂಗ ನಿಂದರ್ರಿ.”

ತೋಳು ನಡುಗತೊಡಗಿದವು. ಅವಳು ಒಂದೊಂದೇ ಎಳೆ ಬಿಡಿಸುತ್ತ ಬಂದಳು. ವಾಕಿಂಗಿಗೆ ಬಂದವರು ನನ್ನ ಪಕ್ಕದಿಂದ ಹಾದು ಸುತ್ತು ಮುಗಿಸಿದರು.

ವರದಿಯಲ್ಲಿ ‘ಕಂಬ ಗಟ್ಟಿ ಇದೆಯೇ?’ ಎಂಬ ಸಾಲಿತ್ತು. ನನಗಿಂತ ಗಟ್ಟಿ ಇದೆ ಎಂದು ಬರೆದೆ.