ಪ್ಯಾರಾಪೆಟ್ಟಿನ ಎತ್ತರ

ನನಗೊಂದು ಚಟವಿದೆ. ಯಾವುದಾದರೂ ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಅದರ ಹುಟ್ಟೂರು ಹುಡುಕದೆ ಊಟ ಸೇರುವುದಿಲ್ಲ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಹೋದ ಬೇಸಗೆಯವರೆಗೆ.

ಐರೋಲಿಯ ನಮ್ಮ ಕಟ್ಟಡದ ಟೆರೇಸಿನಲ್ಲಿ ಹೆಂಡತಿ ವನಜ ಒಣಹಾಕಿದ ಸೀರೆ ಗಾಳಿಗೆ ಹಾರಿ ಪ್ಯಾರಾಪೆಟ್ಟಿನ ಆಚೆ ನೇತಾಡಿತು. ಹಿಡಿಯಲು ಬಗ್ಗಿದವಳು ಅರ್ಧಕ್ಕರ್ಧ ಹೊರಗೆ ವಾಲಿದಳು. ಪಕ್ಕದ ಕಟ್ಟಡದ ಟೆರೇಸಿನಿಂದ ಸರೋಜಕ್ಕ ಕಿರುಚಿದರು. ನಾನು ಓಡಿ ಎಳೆದುಕೊಂಡೆ. ಸೀರೆ ಐದು ಮಾಳಿಗೆ ಕೆಳಗೆ ಬಿತ್ತು, ವನಜ ನನ್ನ ಮೇಲೆ.

ಸಂಜೆ ನಿಘಂಟು ತೆಗೆದೆ. ಪ್ಯಾರಾಪೆಟ್ ಮೂಲದಲ್ಲಿ ಇಟಲಿಯ ಮಾತು. ಮೊದಲರ್ಧಕ್ಕೆ ಕಾಪಾಡುವುದು ಎಂದರ್ಥ, ಉಳಿದರ್ಧಕ್ಕೆ ಎದೆ. ಕೋಟೆಯ ಮೇಲೆ ನಿಂತ ಸಿಪಾಯಿಯ ಎದೆಗೆ ಬಾಣ ತಾಗದಿರಲೆಂದು ಕಟ್ಟಿದ ಗೋಡೆ. ಕೋಟೆಗೋಡೆಯ ಮೇಲಂಚನ್ನು ನಮ್ಮವರು ‘ತೆನೆ’ ಎಂದು ಕರೆದು ಪೈರು ನೆನೆದರು, ಅವರು ಎದೆ ನೆನೆದರು. ನಮ್ಮ ಗೋಡೆಯೋ ಸೊಂಟಕ್ಕೂ ಬರುತ್ತಿರಲಿಲ್ಲ.

ಕಟ್ಟಡದ ಸೊಸೈಟಿಯ ಮೀಟಿಂಗಿನಲ್ಲಿ ಇದನ್ನೆಲ್ಲ ವಿವರಿಸಿ, ಗೋಡೆ ಎದೆಮಟ್ಟಕ್ಕೆ ಏರಲಿ ಎಂದೆ. ಚೇರ್‌ಮನ್ ಬಸವರಾಜ್ ಹುಬ್ಬಳ್ಳಿಯವರು, ಆರಡಿ ಆಳು.

"ಎದಿಮಟ ಅಂದ್ರ ಯಾರ ಎದಿರೀ? ನಂದೋ, ನಿಮ್ದೋ?"

"ಎಲ್ಲರಿಗೂ ಸೇಫ್ ಆಗ್ಬೇಕಲ್ಲ, ನಿಮ್ದೇ ಇರಲಿ," ಎಂದೆ ಉದಾರವಾಗಿ.

ತಿಂಗಳೊಳಗೆ ಗೋಡೆ ಎದ್ದಿತು. ಬಸವರಾಜರ ಎದೆ ಎಂದರೆ ವನಜಳ ಹಣೆ. ಹತ್ತು ವರ್ಷ ದಿನಾ ಬೆಳಿಗ್ಗೆ ಅವಳೂ ಸರೋಜಕ್ಕನೂ ನಡುವಿನ ಗಲ್ಲಿಯ ಮೇಲಿಂದ "ಇನಿ ದಾನೆ ಕಜಿಪು?" ಎಂದು, ಅಂದರೆ ಇವತ್ತೇನು ಪದಾರ್ಥ, ಸಾರೋ ಪಲ್ಯವೋ ಎಂದು ತುಳುವಿನಲ್ಲಿ ಮಾತು ಶುರುಮಾಡುತ್ತಿದ್ದರು. ಈಗ ಅವಳಿಗೆ ಕಾಣುವುದು ಸಿಮೆಂಟು.

"ನಿಮ್ಮ ಇಟಲಿಯಲ್ಲಿ ಕುಳ್ಳರೇ ಇರ್ಲಿಲ್ವಾ?" ಎಂದು ಕೇಳಿದಳು.

ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಮೆಟ್ಟಿಲಿಳಿದು, ಗಲ್ಲಿ ದಾಟಿ, ಮೊದಲ ಬಾರಿಗೆ ಸರೋಜಕ್ಕನ ಮನೆಗೇ ಹೋದಳು. ಮಧ್ಯಾಹ್ನ ಮರಳಿದವಳು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಳು.

"ಅವರ ಗಂಡನಿಗೆ ಲಕ್ವ ಹೊಡೆದು ನಾಲ್ಕು ವರ್ಷ ಆಯ್ತಂತೆ. ಮಂಚದಲ್ಲೇ ಇದ್ದಾರೆ. ನಂಗೆ ಗೊತ್ತೇ ಇರ್ಲಿಲ್ಲ."

"ದಿನಾ ಮಾತಾಡ್ತಿದ್ರಲ್ಲ?"

"ನಾನೂ ಅದೇ ಕೇಳಿದೆ. 'ಅದನ್ನೆಲ್ಲ ಟೆರೇಸಿಂದ ಕೂಗಿ ಹೇಳ್ಲಿಕ್ಕಾಗ್ತದಾ ವನಜ' ಅಂದ್ರು."

ಈಗ ಮಂಗಳವಾರ, ಶುಕ್ರವಾರ ನಾನೂ ಹೋಗುತ್ತೇನೆ. ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ಮಾತಿಗೆ ಕೂತರೆ, ನಾನು ಸರೋಜಕ್ಕನ ಯಜಮಾನರಿಗೆ ಪೇಪರ್ ಓದಿ ಹೇಳುತ್ತೇನೆ. ಮೊದಮೊದಲು ನಡುವೆ ಪದಗಳ ಹುಟ್ಟೂರನ್ನೂ ಸೇರಿಸುತ್ತಿದ್ದೆ. ಒಂದು ದಿನ ಅವರು ಸ್ವಾಧೀನವಿದ್ದ ಒಂದು ಕೈಯನ್ನು ನಿಧಾನವಾಗಿ ಎತ್ತಿ, ಕಷ್ಟಪಟ್ಟು ಒಂದೇ ಮಾತು ಹೇಳಿದರು: "ಸ್ಕೋರು?"

ಅಂದಿನಿಂದ ಕೊನೆಯ ಪುಟದ ಕ್ರಿಕೆಟ್ ಸುದ್ದಿಯಿಂದಲೇ ಓದಲು ಶುರುಮಾಡುತ್ತೇನೆ.