ಸುಕನ್ಯಾ ಊರಿಗೆಲ್ಲ ಹಂಚಿದ ನಕ್ಷೆ

ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡೊಂದರ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಸುಕನ್ಯಾ ಹಾದಿಮನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಸುಗೆ ಕಡ್ಡಿ ಬಿಸಿಯಾಗಲೆಂದು ಕೂತಿದ್ದಾರೆ. ಪಕ್ಕದ ಕಾರ್ಖಾನೆಯ ದೊಡ್ಡ ಪ್ರೆಸ್ ಶುರುವಾಯಿತೆಂದರೆ ಈ ಸಾಲಿನ ಕರೆಂಟಿಗೆ ಕುಡುಕನ ನಡಿಗೆ ಬರುತ್ತದೆ. ನಾಜೂಕಿನ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಅಂಗೈಯಗಲದ ಹಸಿರು ಬೋರ್ಡೊಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸಿ ನೋಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ವೈರು ಹಚ್ಚುವ ಹೊತ್ತಿಗೆ ಕೈ ತಡೆಯುತ್ತದೆ.

"ಅಂಜಿಕಿ ಬರ್ತೈತ್ರಿ," ಎನ್ನುತ್ತಾರೆ. "ಮೊದಲ ಹಿಂಗ ಇರಲಿಲ್ಲ. ಈಗ ನಾ ಮಾಡಿದ್ದನ್ನ ನಾನಽ ನಂಬೂದಿಲ್ಲ."

ಆ ಬೋರ್ಡು ಯಂತ್ರಗಳ ನಾಡಿ ಹಿಡಿಯುವ ಸಾಧನ. ಕಸುಬಿನವರು ಡಿಬಗ್ಗರ್ ಎನ್ನುತ್ತಾರೆ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಕೆಟ್ಟ ಯಂತ್ರದ ಚಿಪ್ಪಿಗೆ. ಚಿಪ್ಪು ಯಾವ ಹೆಜ್ಜೆಗೆ ಮುಗ್ಗರಿಸಿತೆಂದು ಪರದೆಯ ಮೇಲೆ ಕಾಣುತ್ತದೆ. ಕಂಪನಿಗಳು ಮಾರುವ ಡಿಬಗ್ಗರ್ ಸಣ್ಣ ಶೆಡ್ಡಿನವರಿಗೆ ಎಟುಕುವಂಥದಲ್ಲ. ಆದರೆ ಎಲ್ಲೋ ಪರದೇಶದ ಪುಣ್ಯಾತ್ಮನೊಬ್ಬ ಇದರ ನಕ್ಷೆಯನ್ನು ತೊಂಬತ್ತರ ದಶಕದಲ್ಲೇ ಇಂಟರ್ನೆಟ್ಟಿನಲ್ಲಿ ಇಟ್ಟ, ಯಾರು ಬೇಕಾದರೂ ಮಾಡಿಕೊಳ್ಳಿ, ತಿದ್ದಿಕೊಳ್ಳಿ ಎಂದ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಲೋಕ ಅದನ್ನು ತೆಗೆದುಕೊಂಡಿತು, ನೋಡಿಕೊಳ್ಳಲಿಲ್ಲ. ಕಡೆಗೆ ಆತನೂ ಕೈಬಿಟ್ಟ. ಸುಕನ್ಯಾ ಬರೆದ ಇಮೇಲು ವಿಳಾಸವೇ ಇಲ್ಲವೆಂದು ಮರಳಿ ಬಂತು.

ಅಷ್ಟರಲ್ಲಿ ಹಳೆಯ ನಕ್ಷೆ ಕೆಲಸಕ್ಕೆ ಬಾರದ್ದಾಗಿತ್ತು. ಅದು ಪ್ರಿಂಟರಿನ ಅಗಲ ಕಿಂಡಿಗೆ ಸಿಕ್ಕಿಸುವಂಥದು. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇಲ್ಲ. ಐಟಿಐ ಕಲಿತು, ಇಲ್ಲಿಯದೇ ಕಾರ್ಖಾನೆಯೊಂದರಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಶೆಡ್ಡು ಹಿಡಿದ ಹೆಣ್ಣುಮಗಳು ಈಕೆ. ಧಾರವಾಡದ ಆಸುಪಾಸಿನ ಆಸ್ಪತ್ರೆಗಳ ಕೆಟ್ಟ ಬೋರ್ಡುಗಳೇ ಇವರ ಅನ್ನ. ಬೇರೆ ದಾರಿ ಇಲ್ಲದೆ ನಕ್ಷೆಯನ್ನು ಮೊದಲಿನಿಂದ ಕಟ್ಟಿದರು. ಯುಎಸ್‌ಬಿ ಕಿಂಡಿಗೆ ಹೊಂದಿಸಿದರು, ಸಿಗದ ಬಿಡಿಭಾಗಗಳ ಬದಲು ಹುಬ್ಬಳ್ಳಿ ಪ್ಯಾಟಿಯಲ್ಲಿ ಸಿಗುವವನ್ನು ಹಾಕಿದರು. ಕೈಯಾರೆ ವೈರು ಎಳೆದು ಮಾಡಿದ ಮೊದಲ ಬೋರ್ಡು ಛಲೋ ನಡೆಯಿತು. ಹೋದ ವರ್ಷ, ಎರಡು ಸಾವಿರದ ಏಳರಲ್ಲಿ, ನಕ್ಷೆಯನ್ನು ತಾವೂ ಇಂಟರ್ನೆಟ್ಟಿನಲ್ಲಿಟ್ಟು ಊರಿಗೆಲ್ಲ ಹಂಚಿದರು.

ತಪ್ಪು ನುಸುಳಿದ್ದು ಅಲ್ಲಿಯೇ. ನಡೆಯುತ್ತಿದ್ದ ಬೋರ್ಡನ್ನು ಬೋರಲು ಹಾಕಿ, ಬೆಸುಗೆಯ ಮಗ್ಗುಲಿನಿಂದ ನೋಡುತ್ತ ನಕ್ಷೆ ಬರೆದಿದ್ದರು. ವೈರು ಸಿಕ್ಕಿಸುವ ಪಿನ್ನುಗಳ ಸಾಲು ಕನ್ನಡಿಯೊಳಗಿನಂತೆ ಎಡಬಲ ಅದಲುಬದಲಾಗಿತ್ತು. ಆ ನಕ್ಷೆಯಂತೆ ಮಾಡಿದ ಡಿಬಗ್ಗರ್ ಹಚ್ಚಿದರೆ ಕರೆಂಟು ಹೋಗಬಾರದ ಪಿನ್ನಿಗೆ ಹೋಗಿ, ಯಂತ್ರದ ಚಿಪ್ಪು ಸುಡುತ್ತದೆ. ತಮ್ಮದೇ ನಕ್ಷೆ ನೋಡಿ ಎರಡನೆಯದನ್ನು ಮಾಡಲು ಕೂತಾಗ ಇದು ಕಣ್ಣಿಗೆ ಬಿತ್ತು.

"ನಂದೊಂದು ಬೋರ್ಡ ಸುಟ್ರ ನಾ ಅತ್ತು ಸುಮ್ಮನಾಗ್ತಿದ್ದೆ. ಇದು ಯಾರ್ಯಾರ ಕೈಯಾಗ ಐತೋ."

ಅವತ್ತೇ ನಕ್ಷೆ ತೆಗೆದರು, 'ತಪ್ಪು ನನ್ನದು, ಹಚ್ಚಬೇಡಿ' ಎಂದು ಹೆಸರು ಹಾಕಿ ಬರೆದರು. ಆಮೇಲೆ ಗೌಸಸಾಬರ ನೆನಪಾಯಿತು. ಪಕ್ಕದ ತಾಲೂಕಿನ ಆಸ್ಪತ್ರೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವವರು ಅವರು. ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರ ಕೆಟ್ಟಿದೆ, ನಿಮ್ಮ ನಕ್ಷೆ ನೋಡಿ ಡಿಬಗ್ಗರ್ ಮಾಡುತ್ತಿದ್ದೇನೆ ಎಂದು ತಿಳಿಸಿದ್ದರು. ಅಲ್ಲಿರುವುದು ಅದೊಂದೇ ಯಂತ್ರ. ಫೋನು ಹಚ್ಚಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಸುಕನ್ಯಾ ಶೆಡ್ಡಿಗೆ ಕೀಲಿ ಹಾಕಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಣ್ಣೆದುರಿಗೆ ಬಂದದ್ದು ತಣ್ಣಗಾದ ಕೂಸು.

ಗೌಸಸಾಬರು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಡಿಬಗ್ಗರ್ ಇತ್ತು, ಪಕ್ಕದಲ್ಲಿ ಕರಕಲು ವಾಸನೆಯ ಒಂದು ಬೋರ್ಡು. ಸುಕನ್ಯಾ ಬಾಗಿಲಲ್ಲೇ ನಿಂತು ಆ ಬೋರ್ಡನ್ನೇ ನೋಡಿದರು.

"ಕುಂದರ್ರಿ ಅಕ್ಕಾರ," ಎಂದರು ಗೌಸಸಾಬರು. "ಇದು ಹಾಳಾದ ಕರೆಂಟ ತಕ್ಕಡಿಯಿಂದ ಕಿತ್ತಿದ್ದ ಗುಜರಿ ಬೋರ್ಡ. ಹೊಸಾ ಸಾಮಾನ ಬಂದ್ರ ಮೊದಲ ಗುಜರಿ ಮ್ಯಾಲ ಹಚ್ಚಿ ನೋಡೂದು ನಮ್ಮ ಉಸ್ತಾದರು ಹಾಕಿಕೊಟ್ಟ ರೂಢಿ. ಕೂಸಿನ ಮಷಿನ್ನಿಗೆ ಇನ್ನೂ ಹಚ್ಚಿಲ್ಲ, ಹಂಗ ಐತಿ."

ಸುಕನ್ಯಾ ಗೋಡೆಗೆ ಒರಗಿ ಅತ್ತರು. ಡಿಬಗ್ಗರಿನ ಪಿನ್ನುಗಳನ್ನು ಸುಕನ್ಯಾರೇ ತಿದ್ದಿ, ಇನ್ನೊಂದು ಗುಜರಿ ಬೋರ್ಡಿಗೆ ಹಚ್ಚಿ ನೋಡಿದ ಮೇಲೆ, ಇಬ್ಬರೂ ಕೂತು ಯಂತ್ರದ ದೋಷ ಹುಡುಕಿದರು. ಅದೀಗ ನಡೆಯುತ್ತಿದೆ. ತಿದ್ದಿದ ನಕ್ಷೆಯೂ ಇಂಟರ್ನೆಟ್ಟಿಗೆ ಏರಿದೆ, ಮೊದಲ ಸಾಲಿನಲ್ಲೇ ಗೌಸಸಾಬರ ಗುಜರಿ ರೂಢಿಯೊಡನೆ.

ಆದರೆ ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ತಪ್ಪು ನಕ್ಷೆ ಇನ್ನೆಷ್ಟು ಮನೆ ಸೇರಿದೆಯೋ ತಿಳಿಯುವ ದಾರಿಯಿಲ್ಲ. ಒಯ್ಯುವವರು ಹೆಸರು ಹೇಳಿ ಒಯ್ಯುವುದಿಲ್ಲ. ಸಂಜೆ ಮಾಳಮಡ್ಡಿಯ ಸೈಬರ್ ಕೆಫೆಯಲ್ಲಿ ಸುಕನ್ಯಾ ಅಂಚೆ ತೆರೆಯುತ್ತಾರೆ. ಹೊಸ ನಕ್ಷೆ ಛಲೋ ಇದೆಯೆಂದು ಯಾರೋ ಬರೆದಿದ್ದಾರೆ. ಅದನ್ನು ಓದಿ, ಮುಖ ಅರಳದೆ, ಕೆಳಗೆ ಸರಿಸಿ ನೋಡುತ್ತಾರೆ. ಇನ್ನೇನು ಬರಬೇಕಿತ್ತು?

"ಹಳೇದು ಒಯ್ದವರು ಬರೀಬೇಕ್ರಿ. ಸುಟ್ಟೈತಿ ಅಂತ ಬೈದು ಬರದ್ರೂ ಅಡ್ಡಿಯಿಲ್ಲ, ಹೋಗಿ ಕಾಲ ಹಿಡದು ಸರಿ ಮಾಡಿಕೊಟ್ಟು ಬರ್ತೇನಿ. ಸುಮ್ಮನಿದ್ದಾರಲ್ರಿ, ಅವರನ್ನ ನೆನಿಸಿದ್ರ ಅಂಜಿಕಿ."