ಗೌರವ್ವನ ಹಣ್ಣು ಹಡಗು ಹತ್ತಲಿಲ್ಲ

ಮುಂಬೈಗೆ ಬಂದ ನಾಲ್ಕನೆಯ ದಿನ, ಹಸಿವಾಯಿತೆಂದು ಒಂದು ಹಣ್ಣಿಗೆ ಕೈಹಾಕಿ ಬೈಸಿಕೊಂಡೆ. ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಹೊರದೇಶದ ಖರೀದಿದಾರರಿಗೆ ನಮ್ಮ ದೇಶದ ಬೆಳೆಗಳನ್ನು ತೋರಿಸುವ ಮೇಳ. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಮಾವಿನ ತಿರುಳಿನ ಡಬ್ಬಗಳು, ಉಪ್ಪಿನಕಾಯಿ ಬಾಟಲಿಗಳು, ಸಿರಿಧಾನ್ಯದ ಬಿಸ್ಕತ್ತು, ನಡುವೆ ಗೋಪುರದ ಹಾಗೆ ಜೋಡಿಸಿಟ್ಟ ದಾಳಿಂಬೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮನೆ ಬಿಟ್ಟವಳು ಮಧ್ಯಾಹ್ನದವರೆಗೂ ಅವನ್ನೇ ನೋಡುತ್ತ ನಿಂತಿದ್ದೆ. ಕೊನೆಗೆ ಒಂದನ್ನು ಎತ್ತಿಕೊಂಡು ಸಿಪ್ಪೆಗೆ ಉಗುರು ಹಾಕಿದೆ. ನಮ್ಮ ಮೇಲಧಿಕಾರಿ ಸಾವಂತ್ ಮೇಡಂ ಎಲ್ಲಿದ್ದರೋ, ಬಂದು ಕೈಯಿಂದ ಕಿತ್ತುಕೊಂಡರು. ಅದು ಹಣ್ಣಲ್ಲ, ಸ್ಯಾಂಪಲ್ ಎಂದರು. ಅದೇ ಹೊತ್ತಿಗೆ ಒಬ್ಬ ಖರೀದಿದಾರ ಕಬ್ಬಿಣದ ಬಳೆಯಂಥದೊಂದರಲ್ಲಿ ಹಣ್ಣುಗಳನ್ನು ತೂರಿಸಿ ಗಾತ್ರ ನೋಡುತ್ತಿದ್ದ. ಅವನೂ ತಿನ್ನಲಿಲ್ಲ.

ಮೈಸೂರಿನ ಮಾರುಕಟ್ಟೆಯಲ್ಲಿ ನಮ್ಮಪ್ಪ ಒಂದು ಹೋಳು ಬಾಯಿಗೆ ಹಾಕಿಕೊಳ್ಳದೆ ಹಣ್ಣು ಕೊಂಡವರೇ ಅಲ್ಲ. ಹುಳಿ ಎಂದು ಮುಖ ಕಿವುಚಿ ಮುಂದಿನ ಅಂಗಡಿಗೆ ಹೋಗಿ, ಅಲ್ಲಿ ಇನ್ನೊಂದು ಹೋಳು ತಿನ್ನುತ್ತಿದ್ದರು. ನನ್ನ ಹೊಸ ಕೆಲಸದಲ್ಲಿ ರುಚಿಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ರೈತರ ಬೆಳೆಗೆ, ಅದರಿಂದ ಮಾಡಿದ ತಿನಿಸಿಗೆ ಹೊರದೇಶದಲ್ಲಿ ಕೊಳ್ಳುವವರನ್ನು ಹುಡುಕುವ ಸಂಸ್ಥೆ ನಮ್ಮದು. ಖರೀದಿದಾರರಿಗೆ ಈಗ ಹಣ್ಣಿನ ಜೊತೆ ಹಣ್ಣು ಬೆಳೆದವರ ಕಥೆಯೂ ಬೇಕು. ಯಾವ ಊರು, ಯಾರ ತೋಟ, ಹೇಗೆ ಬೆಳೆದರು ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಬೇಕು. ಆ ಪುಟ ಬರೆಯುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದರು, ಅದೂ ಆರು ತಿಂಗಳು ನೋಡಿ ಆಮೇಲೆ ಖಾಯಂ ಎಂದು.

ಮನೆ ಸಿಕ್ಕಿದ್ದು ಘಾಟ್ಕೋಪರ್‌ನಲ್ಲಿ, ಸುಮತಿಯಕ್ಕನ ಬಿಲ್ಡಿಂಗ್‌ನಲ್ಲಿ, ಅವರದೇ ಮನೆಯ ಒಂದು ಕೋಣೆ. ಸುಮತಿಯಕ್ಕ ಉಡುಪಿ ಕಡೆಯವರು, ಮದುವೆಯಾಗಿ ಬಂದು ನಲವತ್ತು ವರ್ಷ. ಮನೆಮಾತು ತುಳು, ತರಕಾರಿಯವನ ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ, ಕೋಪ ಬಂದರೆ ಹಿಂದಿ. ಊರಿಗೆ ಹೋದರೆ ಅವರನ್ನು ಈಗಲೂ ಬೊಂಬಾಯಿಯವರು ಬಂದರು ಎನ್ನುತ್ತಾರಂತೆ. ಅದನ್ನು ಅವರು ನಗುತ್ತಲೇ ಹೇಳಿದ್ದು, ನಾನೂ ನಕ್ಕಿದ್ದೆ. ನೀರು ಬೆಳಗ್ಗೆ ಮುಕ್ಕಾಲು ಗಂಟೆ ಬರುತ್ತದೆ. ಅಷ್ಟರಲ್ಲಿ ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಮುಗಿಯಬೇಕು. ಮೈಸೂರಿನಲ್ಲಿ ನಲ್ಲಿ ಬಿಟ್ಟು ಪೇಪರ್ ಓದಲು ಕೂರುತ್ತಿದ್ದವಳಿಗೆ ಇದನ್ನು ಕಲಿಯಲು ಒಂದು ತಿಂಗಳು ಬೇಕಾಯಿತು.

ಲೋಕಲ್ ಕಲಿಯಲು ಇನ್ನೂ ಹೆಚ್ಚು ಬೇಕಾಯಿತು. ಹೆಂಗಸರ ಡಬ್ಬಿಯಲ್ಲಿ ಮೂವರು ಕೂರುವ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಿಗೂ ಅಂಗೈ ಅಗಲ ಜಾಗ ಬಿಡುವುದು ಇಲ್ಲಿನ ಪದ್ಧತಿ, ಅದಕ್ಕೆ ಚೌಥಿ ಸೀಟ್ ಎನ್ನುತ್ತಾರೆ. ಕುರ್ಲಾ ಬರುವಷ್ಟರಲ್ಲಿ ಅದನ್ನು ಹಿಡಿಯದಿದ್ದರೆ ಕೊನೆಯ ಸ್ಟೇಷನ್‌ವರೆಗೂ ನಿಂತೇ ಹೋಗಬೇಕು. ನನಗೆ ಮೊದಲ ಸಲ ಆ ಸೀಟು ಸಿಕ್ಕಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಕೂರಲು ಜಾಗ ಸಿಕ್ಕಿತೆಂದು ಯಾರಾದರೂ ಫೋನ್ ಮಾಡುತ್ತಾರೇನೆ ಎಂದು ಅಮ್ಮ ಬೇಜಾರು ಮಾಡಿಕೊಂಡರು.

ಆಫೀಸಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಹಾಗಾಗಿ ವಿಜಯಪುರದ ಕಡೆಯ ದಾಳಿಂಬೆ ಬೆಳೆಗಾರರ ಪಟ್ಟಿ ನನ್ನ ಮೇಜಿಗೆ ಬಂತು. ಗೌರವ್ವ ನನಗೆ ಸಿಕ್ಕಿದ್ದು ಅದರಲ್ಲೇ. ಆ ಊರಿನಲ್ಲಿ ರಫ್ತಿನ ಪಟ್ಟಿಯಲ್ಲಿದ್ದ ಒಬ್ಬಳೇ ಹೆಂಗಸು. ಗಂಡ ಹೊಲ ನೋಡಿಕೊಂಡರೆ ದಾಳಿಂಬೆ ಪೂರ್ತಿ ಇವಳದು. ಎರಡು ವರ್ಷ ಇವಳ ಹಣ್ಣು ಹಡಗು ಹತ್ತಿತ್ತು. ನಾನು ‘ಹೇಳಿ ಅಮ್ಮ’ ಅಂದ ಕೂಡಲೇ ಆ ಕಡೆಯಿಂದ ನಗು ಬಂತು. ಮೈಸೂರಾಕಿ ಮುಂಬೈಯಾಗ ಕೂತು ವಿಜಾಪುರಕ್ಕ ಫೋನ್ ಹಚ್ಚೀಯಲ್ಲ ಎಂದು ಮತ್ತೂ ನಕ್ಕಳು. ನನ್ನ ಕನ್ನಡ ಅವಳಿಗೆ ತಮಾಷೆ, ಅವಳದು ನನಗೆ ಮೊದಮೊದಲು ಅರ್ಧವೇ ಅರ್ಥ. ಆದರೂ ಹತ್ತು ನಿಮಿಷಕ್ಕೆಂದು ಮಾಡಿದ ಫೋನು ಒಂದು ಗಂಟೆ ನಡೆಯಿತು. ನನಗಿಂತ ಮುಂಚೆ ಹಿಂದಿಯಲ್ಲಿ ಫೋನ್ ಮಾಡುತ್ತಿದ್ದವರ ವಿಷಯವನ್ನೂ ಹೇಳಿದಳು.

“ಹಿಂದಿ ನನಗ ಬರ್ತೈತಿ ತಂಗಿ. ಆದ್ರ ಹಿಂದಿಯೊಳಗ ಅವರು ಕೇಳಿದ್ದಕ್ಕೆಲ್ಲಾ ಹಾಂಜಿ ಅಂದು ಫೋನ್ ಇಟ್ಟ ಬಿಡ್ತೀನಿ. ಮಾತಾಡೂದು ನಿನ್ನ ಕೂಡನ.”

ಆಮೇಲೆ ಕೆಲಸವಿರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಊಟಕ್ಕೆ ಏನು ಮಾಡಿದ್ದಾಳೆ, ಮೈದುನನ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಎಲ್ಲ ಹೇಳುತ್ತಿದ್ದಳು. ಮೈದುನನ ಮನೆ ಪಕ್ಕದಲ್ಲೇ, ನಡುವೆ ಒಂದೇ ಗೋಡೆ. ಮುಂಬೈಯಲ್ಲಿ ನನಗೆ ಮನೆ ಅನ್ನಿಸುತ್ತಿದ್ದುದು ಆ ಫೋನಿನ ಒಳಗೆ ಎಂದರೆ ಸುಮತಿಯಕ್ಕ ಬೇಸರ ಮಾಡಿಕೊಳ್ಳಬಾರದು.

ಕೊಯ್ಲು ಮುಗಿದು ಹಣ್ಣು ಪೆಟ್ಟಿಗೆ ಸೇರಿ ಶೀತಲಗೃಹಕ್ಕೆ ಬಂದ ವಾರ ಅವಳ ಕಥೆ ಕೇಳಿದೆ. ಈ ಸಲ ಹಣ್ಣು ಹೇಗೆ ಉಳಿಯಿತು ಎಂದು ಹೇಳಿದಳು. ಕೀಳಲು ಇನ್ನು ಐದೇ ದಿನ ಎನ್ನುವಾಗ ಮೋಡ ಕಟ್ಟಿ ತುಂತುರು ಹನಿಯಿತಂತೆ. ಹಣ್ಣಿಗೆ ಚುಕ್ಕಿ ರೋಗ ಬಿದ್ದರೆ ಎಲ್ಲ ಹೋಯಿತು. ಆಳುಗಳು ಬರಲಿಲ್ಲ. ತಾನೇ ಪಂಪ್ ಬೆನ್ನಿಗೆ ಹಾಕಿಕೊಂಡು ಹೊತ್ತು ಮುಳುಗುವ ತನಕ ಗಿಡಗಿಡಕ್ಕೂ ಎಣ್ಣಿ ಹೊಡೆದಳಂತೆ. ಆ ಕಡೆ ಔಷಧಿಗೆ ಎಣ್ಣಿ ಎನ್ನುತ್ತಾರೆ. ಭುಜದ ಮೇಲೆ ಪಂಪಿನ ಪಟ್ಟಿಯ ಗುರುತು ಇನ್ನೂ ಇದೆ ಎಂದಳು. ಅವಳ ದನಿಯಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ನಾನು ಬರೆದುಕೊಳ್ಳುತ್ತಲೇ ಖುಷಿಪಟ್ಟೆ. ಇಂಥ ಕಥೆ ನನಗೆ ಯಾರೂ ಕೊಟ್ಟಿರಲಿಲ್ಲ.

ಕೊಯ್ಲಿಗೆ ಮೂರು ವಾರ ಮುಂಚೆ ಔಷಧಿ ನಿಲ್ಲಿಸಬೇಕು ಎಂಬುದು ಆ ಖರೀದಿದಾರರ ಷರತ್ತು. ನನಗೆ ಗೊತ್ತಿತ್ತೆ? ಗೊತ್ತಿತ್ತು. ಆ ಷರತ್ತನ್ನು ಪಟ್ಟಿಯ ಮೊದಲ ಪುಟದಲ್ಲಿ ಟೈಪ್ ಮಾಡಿದವಳು ನಾನೇ. ಗೌರವ್ವ ತುಂಬಿಕೊಟ್ಟ ಫಾರಮ್ಮಿನಲ್ಲಿ ಕೊನೆಯ ಔಷಧಿಗೆ ಕೊಯ್ಲಿಗಿಂತ ಮೂರು ವಾರಕ್ಕೂ ಹಿಂದಿನ ತಾರೀಖು ಇದ್ದುದೂ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಬೆನ್ನಿಗೆ ಪಂಪ್ ಹೊತ್ತು ಮೋಡದ ಕೆಳಗೆ ನಿಂತ ಹೆಂಗಸಿನ ಚಿತ್ರ ಇಂಗ್ಲಿಷಿನಲ್ಲಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅದನ್ನು ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಕಥೆಯ ಪುಟವನ್ನು ಯಾರು ಅಷ್ಟು ಗಮನವಿಟ್ಟು ಓದುತ್ತಾರೆ ಎಂದುಕೊಂಡೆ. ನಾನು ಬರೆದಿದ್ದನ್ನು ಯಾರಾದರೂ ಗಮನವಿಟ್ಟು ಓದಲಿ ಎಂದು ಜನ್ಮವಿಡೀ ಆಸೆಪಟ್ಟವಳು ನಾನು.

ಓದಿದರು. ಎರಡನೆಯ ದಿನ ಖರೀದಿದಾರರಿಂದ ಒಂದೇ ಸಾಲಿನ ಮೇಲ್ ಬಂತು, ಈ ಔಷಧಿ ಹೊಡೆದದ್ದು ಯಾವಾಗ ಎಂದು. ಮೂರನೆಯ ದಿನ ಹಣ್ಣು ಬೇಡವೆಂದರು, ಗೌರವ್ವನಿಗೆ ಕೊಟ್ಟಿದ್ದ ಬೆಳೆಗಾರರ ನಂಬರನ್ನು ಪಟ್ಟಿಯಿಂದ ತೆಗೆಸಿದರು. ಹಣ್ಣನ್ನು ಪರೀಕ್ಷೆ ಮಾಡಿಸಿಯಾದರೂ ನೋಡೋಣ ಎಂದು ನಾನು ಕೇಳಿಕೊಂಡೆ. ಬೆಳೆದವಳೇ ಒಪ್ಪಿಕೊಂಡ ಮೇಲೆ ಪರೀಕ್ಷೆ ಏಕೆ ಎಂದರು ಸಾವಂತ್ ಮೇಡಂ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬದಲಿಗೆ ಬೆನ್ನು ತಟ್ಟಿದರು. ಅಲ್ಲಿಯ ಬಂದರಿನಲ್ಲಿ ಸಿಕ್ಕಿಬಿದ್ದಿದ್ದರೆ ಇಡೀ ದೇಶದ ಹಣ್ಣಿಗೆ ಕೆಟ್ಟ ಹೆಸರು ಬರುತ್ತಿತ್ತು, ನೀನು ಉಳಿಸಿದೆ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ನನಗೆ ಆಗಿಲ್ಲ. ಕನ್ನಡದಲ್ಲಿ ಕೇಳಿದರೆ ಈ ರೈತರು ಎಲ್ಲವನ್ನೂ ಹೇಳುತ್ತಾರಲ್ಲ, ಇನ್ನು ಔಷಧಿಯ ವಿಚಾರವನ್ನೂ ನೀನೇ ಕೇಳು ಎಂದರು. ಆ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಗೌರವ್ವ ಫೋನ್ ಮಾಡಿದಾಗ ನಾನು ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿದ್ದೆ. ಊರಿನಲ್ಲಿ ಜನ ನಗುತ್ತಿದ್ದಾರೆ ಎಂದಳು. ಎಣ್ಣಿ ಹೊಡೆದದ್ದನ್ನು ಕಂಡವನು ಮೈದುನ ಒಬ್ಬನೇ, ಪಟ್ಟಿಯಲ್ಲಿ ತನ್ನ ಹೆಸರು ಬಂದಿಲ್ಲವೆಂದು ಅವನಿಗೆ ಮೊದಲಿನಿಂದಲೂ ಉರಿ, ಅವನೇ ಹೇಳಿರಬೇಕು ಎಂದಳು. ಅವನೊಂದಿಗೆ ಮಾತು ಬಿಟ್ಟಿದ್ದಳು. ಅವನ ಮಗಳ ನಿಶ್ಚಿತಾರ್ಥಕ್ಕೂ ಹೋಗಿರಲಿಲ್ಲ.

“ನೀ ಅಲ್ಲೇ ಅದಿಯಲ್ಲ, ಯಾರ ಹೇಳ್ಯಾರಂತ ಒಂದೀಟು ತಿಳಕೊಂಡ ಹೇಳವಾ. ಅಲ್ಲಿ ನಮ್ಮಾಕಿ ಅಂದ್ರ ನೀ ಒಬ್ಬಾಕಿನ.”

“ನೋಡ್ತೀನಮ್ಮ” ಅಂದೆ. ಹೌದು, ಹಾಗಂದೆ. ಜನ ನನ್ನನ್ನು ತಳ್ಳಿಕೊಂಡು ಇಳಿಯುತ್ತಿದ್ದರು, ನಾನು ಕಂಬಿ ಹಿಡಿದು ಅಲ್ಲೇ ನಿಂತಿದ್ದೆ.

ಅದಾದ ಒಂದು ವಾರಕ್ಕೆ, ಭಾನುವಾರ, ಸುಮತಿಯಕ್ಕ ಮಾರುಕಟ್ಟೆಯಿಂದ ದಾಳಿಂಬೆ ತಂದರು. ರಕ್ತ ಕಮ್ಮಿ ಇದೆ, ದಿನಾ ಒಂದು ತಿನ್ನಿ ಎಂದು ಡಾಕ್ಟರ್ ಅವರಿಗೆ ಹೇಳಿದ್ದರು. ಹೊರದೇಶಕ್ಕೆ ಹೋಗುವ ಮಾಲು ಎಂದು ಗಾಡಿಯವನು ಪೆಟ್ಟಿಗೆ ಸಮೇತ ಕೊಟ್ಟಿದ್ದ. ಬಿಳಿ ರಟ್ಟಿನ ಪೆಟ್ಟಿಗೆ, ಬದಿಯಲ್ಲಿ ಬೆಳೆಗಾರರ ನಂಬರು. ಆ ನಂಬರು ನನಗೆ ಬಾಯಿಪಾಠ. ಅಲ್ಲಿಯವರಿಗೆ ಬೇಡವಾದ ಹಣ್ಣು ಎಲ್ಲಿಗೆ ಹೋಗುತ್ತದೆ ಎಂದು ನಾನು ಅಷ್ಟು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಿನ್ನಲು ನಾವಿದ್ದೇವಲ್ಲ.

ಸುಮತಿಯಕ್ಕ ಆಗಲೇ ಬಿಡಿಸಿ, ಬಟ್ಟಲಿಗೆ ಹಾಕಿ, ಚಿಟಿಕೆ ಉಪ್ಪು ಉದುರಿಸಿದ್ದರು. ತಿನ್ನಬೇಡಿ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಏಕೆ ಎಂದು ಹೇಳಬೇಕು. ಹಣ್ಣಿನಲ್ಲಿ ದೋಷ ಇದೆಯೋ ಇಲ್ಲವೋ ಯಾರೂ ನೋಡಿಲ್ಲ, ನನಗೂ ಗೊತ್ತಿಲ್ಲ.

“ಎಂಥ ನೋಡುದು ಮಾರಾಯ್ತಿ, ತಿನ್ನು. ಲಾಯ್ಕುಂಟು. ನಿಮ್ಮ ಕಡೆದಾ ಇದು?”

“ಹೌದು, ನಮ್ಮ ಕಡೆಯದೇ” ಎಂದೆ. ಬಟ್ಟಲು ನನ್ನ ಕಡೆ ಎಳೆದುಕೊಂಡು, ಅವರಿಗೆ ಆದಷ್ಟು ಕಡಿಮೆ ಉಳಿಯಲೆಂದು ಗಬಗಬ ತಿಂದೆ. ಊರಿನ ಹಣ್ಣು ಎಂದರೆ ಈ ಹುಡುಗಿಗೆ ಎಷ್ಟು ಆಸೆ ನೋಡು ಎಂದು ಅವರು ಇನ್ನೊಂದನ್ನು ಬಿಡಿಸಲು ಕೂತರು. ಹಣ್ಣು ನಿಜಕ್ಕೂ ಚೆನ್ನಾಗಿತ್ತು. ಮುಂಬೈಗೆ ಬಂದ ಮೇಲೆ ನಾನು ತಿಂದ ಮೊದಲ ದಾಳಿಂಬೆ ಅದು. ಹಣ್ಣು ಬಿಡಿಸುತ್ತಿದ್ದ ಅವರ ಕೈ ಹಿಡಿದು, ಕೂತಲ್ಲೇ ಎಲ್ಲ ಹೇಳಿಬಿಟ್ಟೆ. ಸುಮತಿಯಕ್ಕ ಚಾಕು ಕೆಳಗಿಟ್ಟು, ಪೆಟ್ಟಿಗೆ ತಿರುಗಿಸಿ ನಂಬರು ನೋಡಿದರು. ನಮಗೆ ಬರುವುದೆಲ್ಲ ಇಂಥದ್ದೇ ಇರಬೇಕು, ನೀನು ಹೇಳಿದ್ದರಿಂದ ಇದೊಂದು ಗೊತ್ತಾಯಿತು ಎಂದರು. ಆಮೇಲೆ ನನ್ನ ಮೊಬೈಲನ್ನು ನನ್ನ ಕಡೆ ಸರಿಸಿ, ಎದ್ದು ಒಳಗೆ ಹೋದರು.

ಗೌರವ್ವನಿಗೆ ಫೋನ್ ಮಾಡಿದೆ. ನಿಮ್ಮ ಮೈದುನ ಹೇಳಿದ್ದಲ್ಲ, ನಾನೇ ಬರೆದದ್ದು ಎಂದೆ. ಬೇಕೆಂದು ಮಾಡಲಿಲ್ಲ ಎಂದು ಸೇರಿಸಲು ಹೊರಟು, ಅದು ಪೂರ್ತಿ ನಿಜವಲ್ಲವಾದ್ದರಿಂದ ಸುಮ್ಮನಾದೆ.

“ನಾ ನಿನ್ನ ಮುಂದ ಹೇಳಿದ್ದೆ” ಎಂದಳು ಗೌರವ್ವ. “ನಿನ್ನ ಆಫೀಸಿನ ಮುಂದ ಹೇಳಿದ್ದಿಲ್ಲ.”

ಅಳು ಬಂತು, ಕ್ಷಮಿಸಿ ಎಂದೆ. ಮೊದಲು ಮೈದುನನ ಮನೆಗೆ ಹೋಗಬೇಕು ಎಂದಳು. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದಳು, ಸಿಟ್ಟಿಲ್ಲದ ದನಿಯಲ್ಲಿ.

“ಇನ್ನ ಮ್ಯಾಲ ಫೋನ್ ಮಾಡಿದ್ರ ಹಿಂದಿಯೊಳಗ ಮಾತಾಡು.”

ಮೈಸೂರಿನಲ್ಲಿ ಕೂತು ಇದನ್ನು ಓದುವ ನೀವು, ಮುಂಬೈ ಹೇಗಿದೆ, ಒಗ್ಗಿತೇ ಎಂದು ಕೇಳುತ್ತೀರಿ. ಒಗ್ಗಿದೆ. ನೀರು ನಿಲ್ಲುವ ಮೊದಲೇ ನನ್ನ ಕೆಲಸ ಮುಗಿಯುತ್ತದೆ, ಚೌಥಿ ಸೀಟ್ ಹೆಚ್ಚಿನ ದಿನ ಸಿಗುತ್ತದೆ. ಊರಿಗೆ ಬಂದರೆ ನಲ್ಲಿ ಬಿಟ್ಟು ಕೂರಲು ಆಗುವುದಿಲ್ಲ, ಎದ್ದು ಹೋಗಿ ನಿಲ್ಲಿಸುತ್ತೇನೆ. ನನ್ನ ಕಥೆಯ ಪುಟಗಳಲ್ಲಿ ಈಗ ಸೂರ್ಯೋದಯ, ಕೆಂಪು ಮಣ್ಣು ಮತ್ತು ನಗುಮುಖ ಮಾತ್ರ ಇರುತ್ತವೆ. ಖರೀದಿದಾರರಿಗೆ ತುಂಬ ಇಷ್ಟವಾಗಿವೆ.

ಈ ವರ್ಷ ಗೌರವ್ವನ ನಂಬರು ಮತ್ತೆ ಪಟ್ಟಿಗೆ ಸೇರಿತು. ಫೋನ್ ಮಾಡುವ ಸರದಿ ನನ್ನದೇ. ಹೇಳಿದ ಹಾಗೆ ಹಿಂದಿಯಲ್ಲೇ ಕೇಳಿದೆ. ಕೊನೆಯ ಔಷಧಿ ಯಾವಾಗ? ಇಂಥ ತಾರೀಖು. ಯಾವ ಔಷಧಿ? ಇಂಥದು. ಆಮೇಲೆ ಮಳೆ ಬಂತೆ? ಇಲ್ಲಜಿ. ಎಲ್ಲ ಉತ್ತರವೂ ಷರತ್ತಿಗೆ ಸರಿಯಾಗಿತ್ತು. ನಿಜವೂ ಇರಬಹುದು. ಕೇಳಿದ್ದಕ್ಕಷ್ಟೇ ಉತ್ತರ ಬಂತು, ನಾನು ಬರೆದುಕೊಂಡೆ. ನನ್ನ ದನಿ ಅವಳಿಗೆ ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿಲ್ಲ.

ಧನ್ಯವಾದ್ ಜಿ ಎಂದೆ. ಅವಳು ಫೋನ್ ಇಡಲು ಸ್ವಲ್ಪ ತಡಮಾಡಿದಳು. ಹಿಂದಿನಿಂದ ಗಂಡಸಿನ ದನಿಯೊಂದು, ಮೈದುನನೇ ಇರಬೇಕು, ಯಾರದು ವೈನಿ ಎಂದು ಅತ್ತಿಗೆಯನ್ನು ಕೇಳಿದ್ದು ನನಗೆ ಕೇಳಿಸಿತು.

“ಯಾರಿಲ್ಲ” ಎಂದಳು ಗೌರವ್ವ, ಕನ್ನಡದಲ್ಲಿ. “ಮುಂಬೈದವರು.”